ಬೇಳೆಯ ಚಿತ್ರದಲ್ಲೊಂದು ಕಾಗೆ

ನಮ್ಮ ಮೂಲ ಸುರಪುರ. ಹೊಸದಾಗಿ ಪರಿಚಯವಾದವರಿಗೆ ಈ ಮಾತನ್ನು ನಾನು ನನ್ನ ಹೆಸರಿಗಿಂತ ಮೊದಲೇ ಹೇಳಿಬಿಡುತ್ತೇನೆ. ಸುರಪುರ ಅಂದಮೇಲೆ ಚಿತ್ರಕಲೆ, ಚಿತ್ರಕಲೆ ಅಂದಮೇಲೆ ಬಂಗಾರದ ಗೆರೆ, ಮುತ್ತು ಪೋಣಿಸಿದಂಥ ಅಂಚು, ಕೂದಲೆಳೆಯಷ್ಟು ಸಣ್ಣ ಕುಂಚ. ನಮ್ಮ ಮುತ್ತಜ್ಜ ಆ ಕೆಲಸ ಮಾಡುತ್ತಿದ್ದನಂತೆ. ಅವನು ಬರೆದ ಒಂದು ಚಿತ್ರವೂ ಈಗ ಉಳಿದಿಲ್ಲ. ಹಾಗಾಗಿ ಅವನು ಎಷ್ಟು ದೊಡ್ಡ ಕಲಾವಿದನಾಗಿದ್ದ ಎಂದು ಹೇಳಿಕೊಳ್ಳಲು ನನಗೆ ಯಾರ ಅಡ್ಡಿಯೂ ಇಲ್ಲ.

ನಾನು ಯಾದಗಿರಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮನೆ ಶಹಾಪುರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಡ್ರಾಯಿಂಗ್ ಪೀರಿಯಡ್ಡು ಎಂದರೆ ಗಣಿತದ ಮಾಸ್ತರರಿಗೆ ಬಿಟ್ಟಿ ಸಿಕ್ಕ ಆಸ್ತಿ. ಪರೀಕ್ಷೆ ಹತ್ತಿರ ಬಂದಿತೆಂದರೆ ಅವರು ನನ್ನನ್ನು ಕೇಳುವುದೂ ಇಲ್ಲ, ಸೀದಾ ಒಳಗೆ ಬಂದು ನಾನು ಬರೆದ ಹೂದಾನಿಯನ್ನು ಒರೆಸಿ ಸಮೀಕರಣ ಬರೆಯುತ್ತಾರೆ. ಇಷ್ಟು ವರ್ಷಗಳಲ್ಲಿ ಶಾಲೆಯವರು ನನ್ನಿಂದ ಆಸೆಪಟ್ಟು ಬರೆಸಿಕೊಂಡದ್ದು ಒಂದೇ: ಮುಖ್ಯ ಅತಿಥಿಗಳಿಗೆ ಸುಸ್ವಾಗತ. ಇಂಥ ಸ್ಥಿತಿಯಲ್ಲಿ ನನ್ನ ತಂಗಿ ಒಂದು ದಿನ ಬಂದು, "ಅಣ್ಣಾ, ನನಗ ಚಿತ್ರ ತೆಗದು ಕೊಡು" ಎಂದಾಗ ನನ್ನ ಎದೆ ಎಷ್ಟು ಉಬ್ಬಿರಬೇಕು, ನೀವೇ ಊಹಿಸಿ.

ತಂಗಿಗೆ ಮೂವತ್ತು ದಾಟಿದೆ. ಶಾಲೆಯಲ್ಲಿ ಅಕ್ಷರ ಅವಳಿಗೆ ಒಲಿಯಲಿಲ್ಲ. ಬಾಯಲ್ಲಿ ಹೇಳಿದ್ದೂ ಅಷ್ಟೇ, ಎರಡು ಮಾತು ಒಟ್ಟಿಗೆ ಹೇಳಿದರೆ ಮೊದಲನೆಯದು ಬಿದ್ದುಹೋಗುತ್ತದೆ. ಅವಳು ಚಿಕ್ಕವಳಿದ್ದಾಗ ಡಾಕ್ಟರು ಇದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು. ಅವ್ವ ಆ ಹೆಸರನ್ನು ಆಸ್ಪತ್ರೆಯಲ್ಲೇ ಬಿಟ್ಟು ಮಗಳನ್ನಷ್ಟೇ ಕರೆದುಕೊಂಡು ಬಂದಳು. ಆದರೆ ಕಣ್ಣಿಗೆ ಬಿದ್ದದ್ದನ್ನು ತಂಗಿ ಮರೆತದ್ದಿಲ್ಲ. ಮದುವೆ ಮನೆಗಳಿಗೆ ಅವಳನ್ನು ಕರೆದೊಯ್ಯಲು ನಾವು ಹೆದರುವುದು ಅದಕ್ಕೇ. ಯಾರೋ ಬೀಗಿತ್ತಿ ಠೀವಿಯಿಂದ ಬಂದು ಕೂತರೆ, ಇವಳು ಎಲ್ಲರಿಗೂ ಕೇಳುವಂತೆ, "ಇದು ಹೋದ ಮದುವ್ಯಾಗ ಅವರ ತಂಗಿ ಉಟ್ಟಿದ್ದ ಸೀರಿ" ಎಂದುಬಿಡುತ್ತಾಳೆ.

ನಮ್ಮ ಹಿಂದಿನ ಓಣಿಯಲ್ಲಿ, ಊರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಮುಸ್ಲಿಂ ಹೆಂಗಸೊಬ್ಬರು ರೊಟ್ಟಿ ಮನೆ ನಡೆಸುತ್ತಾರೆ. ಊರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಹೋಗುವುದು ಅಲ್ಲಿಂದ. ಸಾಲಾಗಿ ಕೂತ ಹೆಂಗಸರು ರೊಟ್ಟಿ ಬಡಿಯುವ ಸದ್ದು ನಮ್ಮ ಹಿತ್ತಿಲಿಗೆ ಕೇಳಿಸುತ್ತದೆ. ತಂಗಿ ದಿನವೂ ಆ ಬಾಗಿಲಿಗೆ ಒರಗಿ ನೋಡುತ್ತ ನಿಲ್ಲುವಳು. ಒಂದು ಸಂಜೆ ಮನೆಗೆ ಬಂದವಳೇ ಸಾರಿಬಿಟ್ಟಳು.

"ನಾನೂ ಆಪಾನ ಹಂತ್ಯಾಕ ಕೆಲಸಕ್ಕ ಹೋಗ್ತೀನಿ."

"ಬ್ಯಾಡ," ಎಂದಳು ಅವ್ವ.

ಅವ್ವನ ಬಾಯಲ್ಲಿ ತಂಗಿಗೆ ಸಂಬಂಧಪಟ್ಟ ಅರ್ಧ ಮಾತು ಈ ಒಂದೇ ಪದ. ಬೆಂಕಿ ಬ್ಯಾಡ, ಈಳಿಗಿ ಬ್ಯಾಡ, ಬಿಸಿ ಎಣ್ಣಿ ಬ್ಯಾಡ, ಬಾವಿಕಟ್ಟಿ ಬ್ಯಾಡ. ಮೂವತ್ತು ವರ್ಷದ ಹೆಂಗಸು ನಮ್ಮ ಮನೆಯಲ್ಲಿ ಒಲೆ ಹಚ್ಚಿದವಳಲ್ಲ. ಆದರೆ ತಂಗಿಯದು ಇನ್ನೊಂದು ಬಗೆಯ ಹಟ: ಜಗಳಾಡುವುದಿಲ್ಲ, ಅಳುವುದಿಲ್ಲ, ಅದೇ ಮಾತನ್ನು ಅದೇ ದನಿಯಲ್ಲಿ ದಿನವೂ ಹೇಳುತ್ತಾಳೆ. ಕೊನೆಗೆ ಆಪಾ ತಾವೇ ಮನೆಗೆ ಬಂದರು.

"ಅಮ್ಮಾ, ಒಂದಿನ ನಿಮ್ಮ ಬೇಟಿ ಒಬ್ಬಾಕಿನೇ ಅಡಗಿ ಮಾಡ್ಲಿ. ರೊಟ್ಟಿ, ಬ್ಯಾಳಿ, ಬದನಿಕಾಯಿ. ನಾ ಬಂದು ಉಣತೀನಿ. ಛಲೋ ಆದ್ರ ನಾ ಕರಕೊಂಡು ಹೋಗ್ತೀನಿ, ಇಲ್ಲಂದ್ರ ನಕ್ಕೊ, ಬ್ಯಾಡ."

ಮಗಳಿಂದ ಆಗುವುದಿಲ್ಲ ಎಂಬ ಧೈರ್ಯದಿಂದಲೇ ಅವ್ವ ಒಪ್ಪಿದಳು. ತನ್ನದೊಂದು ಷರತ್ತನ್ನೂ ಸೇರಿಸಿದಳು: "ಆಕಿ ಅಡಗಿ ಮಾಡೋ ಹೊತ್ತಿನ್ಯಾಗ ಯಾರೂ ಬಾಯಿ ಹಾಕಬಾರದು. ಹಾಕಿದ್ರ ಅಲ್ಲಿಗೆ ಮುಗೀತು." ಈ ಷರತ್ತು ಪಾಲಿಸುವುದು ಎಲ್ಲರಿಗಿಂತ ಕಷ್ಟವಾಗುವುದು ತನಗೇ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಮೊದಲು ಅವ್ವನೇ ಕಲಿಸಲು ಕೂತಳು. ಅವ್ವ ಅಡುಗೆ ಹೇಳಿಕೊಡುವ ರೀತಿ ಹೀಗಿತ್ತು: "ಬ್ಯಾಳಿ ಕುದಿಲಾಕ ಇಡು. ಏ, ಇಡೂದಕ್ಕ ಮೊದಲ ತೊಳಿ. ತೊಳಿಯೂದಕ್ಕ ಮೊದಲ ಹರಳು ಆರಸು. ಅದಕ್ಕೂ ಮೊದಲ ಒಲಿ ಮ್ಯಾಲಿನ ಹಾಲ ಇಳಸು. ಉಪ್ಪು ಹದಾ ನೋಡಿ ಹಾಕು. ಅಯ್ಯ, ಈಗಲ್ಲ!" ಪಕ್ಕದಲ್ಲಿ ಕೂತಿದ್ದ ನನಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ತಂಗಿ ಹೇಳಿದ್ದು ಒಂದೇ ಮಾತು: "ಹೇಳಬ್ಯಾಡ, ತೋರ್ಸು."

ಅವ್ವ ತೋರಿಸಿದಳು. ಅವಳ ಕೈ ಎಂಥದೆಂದರೆ, "ಹಿಂಗ ನೋಡು" ಎಂದು ಶುರುಮಾಡಿ "ನೋಡಿದೇನು?" ಎಂದು ಕೇಳುವಷ್ಟರಲ್ಲಿ ಅಡುಗೆ ಮುಗಿದು ಪಾತ್ರೆಯೂ ತೊಳೆದಾಗಿತ್ತು. ನಿಂತು ನೋಡಲು ಅವ್ವನ ಕೈ ನಿಲ್ಲಬೇಕಲ್ಲ? ಆಗಲೇ ತಂಗಿ ನನ್ನ ಹತ್ತಿರ ಬಂದು ಚಿತ್ರ ಕೇಳಿದ್ದು. ಚಿತ್ರವಾದರೆ ಅಲ್ಲಾಡುವುದಿಲ್ಲ, ಬೈಯುವುದೂ ಇಲ್ಲ.

ನಾನು ರಜೆ ಹಾಕಿ ಕೂತೆ. ಒಳ್ಳೆಯ ದಪ್ಪ ಹಾಳೆ, ಜಲವರ್ಣ, ಹೊಸ ಕುಂಚ. ಮೊದಲ ಚಿತ್ರ ಬೇಳೆಯದು. ನನ್ನ ಹೆಂಡತಿಯ ಕೈಯನ್ನೇ ಮಾದರಿಯಾಗಿಟ್ಟುಕೊಂಡು, ಹಸಿರು ಬಳೆ ತೊಟ್ಟ ಕೈ ಪಾತ್ರೆಗೆ ಬೇಳೆ ಸುರಿಯುವುದನ್ನು ಬರೆದೆ. ಹಿನ್ನೆಲೆ ಖಾಲಿ ಅನ್ನಿಸಿತು. ಒಂದು ಕಿಟಕಿ ತೆರೆದೆ. ಕಿಟಕಿಯಾಚೆ, ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಗುಡ್ಡವನ್ನು ತೆಳು ನೀಲಿಯಲ್ಲಿ ಹಾಕಿದೆ. ಆದರೂ ಎಡಗಡೆ ಏನೋ ಕಡಿಮೆಯಾದಂತಿತ್ತು, ಅಲ್ಲೊಂದು ಕಾಗೆ ಕೂರಿಸಿದೆ. ಸುರಪುರದ ಮರ್ಯಾದೆ ಉಳಿಯಲಿ ಎಂದು ಒಲೆಯ ಸುತ್ತ ಬಂಗಾರದ ಗೆರೆ ಎಳೆಯಬೇಕೆಂದಿದ್ದೆ. ಬಂಗಾರ ಎಲ್ಲಿಂದ ತರಲಿ? ಹಳದಿಯಲ್ಲೇ ಚುಕ್ಕೆ ಚುಕ್ಕೆಯಾಗಿ ಒಂದು ಅಂಚು ಕೊಟ್ಟೆ. ಚಿತ್ರವನ್ನು ದೂರ ಹಿಡಿದು ನೋಡಿದಾಗ ಮುತ್ತಜ್ಜನ ನೆನಪಾಗಿ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡುತ್ತಿದ್ದೆ. ಅಡುಗೆಮನೆಯಿಂದ ಅವ್ವನ ಕೂಗು ಕೇಳಿ ಟವೆಲ್ಲಿನಲ್ಲೇ ಓಡಿ ಬಂದೆ.

"ಯಾರೋ ಮಾಟ ಮಾಡ್ಯಾರೋ ಯಪ್ಪಾ! ಒಲಿಗೇ ಮಾಟ ಮಾಡ್ಯಾರ!"

ಗ್ಯಾಸ್ ಒಲೆಯ ಸುತ್ತಲೂ ಅರಿಶಿನದ ಪುಡಿಯಿಂದ ಚುಕ್ಕೆ ಚುಕ್ಕೆಯಾಗಿ ಅಚ್ಚುಕಟ್ಟಾದ ಒಂದು ಗೆರೆ. ಅವ್ವ ನಿಂಬೆಹಣ್ಣು ಹುಡುಕುತ್ತಿದ್ದಳು. ಯಾರಿಗೆ ನಮ್ಮ ಮೇಲೆ ಕಣ್ಣಿದೆ ಎಂದು ಓಣಿಯ ಒಂದೊಂದೇ ಮನೆಯನ್ನು ಹೆಸರು ಹಿಡಿದು ಹೇಳಲು ಆಗಲೇ ಶುರುಮಾಡಿದ್ದಳು. ತಂಗಿ ಮಾತ್ರ ಅವ್ವನ ಪೆಟ್ಟಿಗೆಯಿಂದ ತೆಗೆದ ಹಸಿರು ಬಳೆ ತೊಟ್ಟುಕೊಂಡು, ಬೇಳೆಯ ಡಬ್ಬಿ ಕೈಯಲ್ಲಿ ಹಿಡಿದು, ತೆರೆದ ಕಿಟಕಿಯ ಕಡೆ ನೋಡುತ್ತ ಶಾಂತವಾಗಿ ನಿಂತಿದ್ದಳು.

"ಏನ್ ಮಾಡ್ಲಾಕತ್ತಿ?" ಎಂದೆ.

"ಕಾಗಿ ಬರ್ಲಿ ಅಂತ ನಿಂತೀನಿ."

ನನ್ನ ಹೆಂಡತಿ ಚಿತ್ರವನ್ನೊಮ್ಮೆ, ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ಅವ್ವನಿಗೆ ವಿಷಯ ತಿಳಿದಮೇಲೆ ಮಾಟದ ಹೆದರಿಕೆ ಹೋಗಿ ಸಿಟ್ಟು ಬಂತು. "ಕಾಗಿ ಬರದ ಬ್ಯಾಳಿ ಬೇಯಂಗಿಲ್ಲೇನು? ಮಾಸ್ತರಂತ, ಮಾಸ್ತರ!" ಎಂದು ನನ್ನನ್ನೇ ಬೈದಳು. ಆ ಗಲಾಟೆಯ ನಡುವೆ ತಂಗಿ ಗುಡ್ಡ ಇದೆಯೋ ಇಲ್ಲವೋ ನೋಡಿ ಬರಲು ಮಾಳಿಗೆ ಹತ್ತಿದ್ದಳು, ಏಕೆಂದರೆ ನಮ್ಮ ಅಡುಗೆಮನೆಯ ಕಿಟಕಿಗೆ ಪಕ್ಕದ ಮನೆಯವರ ನೀರಿನ ಟ್ಯಾಂಕು ಅಡ್ಡ. ಇಳಿದು ಬಂದು, "ಗುಡ್ಡ ಅದ" ಎಂದು ವರದಿ ಕೊಟ್ಟಳು.

ನಾನು ಸೋಲುವ ಪೈಕಿಯವನಲ್ಲ. ಬದನೆಕಾಯಿಯ ಚಿತ್ರದಲ್ಲಿ ಬಳೆ ಬಿಟ್ಟೆ, ಗುಡ್ಡ ಬಿಟ್ಟೆ, ಅಂಚನ್ನು ಎದೆ ಕಲ್ಲು ಮಾಡಿಕೊಂಡು ಬಿಟ್ಟೆ. ಕಾಗೆಯೂ ಇರಲಿಲ್ಲ. ಆದರೆ ತಂಗಿ ಅದನ್ನು ಒಪ್ಪಲಿಲ್ಲ. ಮೊದಲಿನ ಚಿತ್ರದಲ್ಲಿದ್ದ ಕಾಗೆ ಇದರಲ್ಲಿ ಎಲ್ಲಿ ಹೋಯಿತು ಎಂದು ಹಾಳೆಯ ಹಿಂಬದಿಯನ್ನೂ ತಿರುವಿ ನೋಡಿದಳು. ಕೊನೆಗೆ ಕಾಗೆಯನ್ನು ಕೂರಿಸಿಕೊಟ್ಟೆ.

ಅವತ್ತು ಬದನೆಕಾಯಿ ನೋಡಲು ಬಹಳ ಚೆನ್ನಾಗಿತ್ತು. ಬಾಯಿಗಿಟ್ಟರೆ ಉಪ್ಪೇ ಇಲ್ಲ. ನಾನು ಸಿಟ್ಟಿನಿಂದ ಚಿತ್ರ ತಂದು, "ಉಪ್ಪು ಹಾಕೋದು ಇಲ್ಲಿ ತೋರ್ಸೀನಲ್ಲ?" ಎಂದು ಬೆರಳಿಟ್ಟೆ. ತಂಗಿ ಬಗ್ಗಿ ನೋಡಿದಳು. "ಚಮಚ ಖಾಲಿ ಅದ," ಎಂದಳು. ನಾನೂ ಬಗ್ಗಿ ನೋಡಿದೆ. ಜಲವರ್ಣದಲ್ಲಿ ಬಿಳಿ ಬಣ್ಣ ಬಳಸುವುದು ಕೀಳು ಎಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಬಿಳಿ ಬೇಕಾದಲ್ಲಿ ಹಾಳೆಯನ್ನೇ ಬಣ್ಣ ಹಚ್ಚದೆ ಬಿಡಬೇಕು. ನಾನು ಉಪ್ಪಿಗೆ ಹಾಳೆ ಬಿಟ್ಟಿದ್ದೆ. ಚಮಚ ನಿಜಕ್ಕೂ ಖಾಲಿಯಾಗಿತ್ತು.

"ಏನ್ರಿ," ಎಂದಳು ಹೆಂಡತಿ ನಿಧಾನವಾಗಿ, "ನಿಮ್ಮ ಚಿತ್ರದಾಗ ಅಡಗಿ ಒಂದು ಬಿಟ್ಟು ಎಲ್ಲಾ ಅದ."

ಈ ಮಾತಿಗೆ ನಾನು ಒಂದು ಊಟ ಬಿಟ್ಟೆ. ಉಪ್ಪಿಲ್ಲದ ಊಟ ಬಿಡುವುದು ಅಷ್ಟೇನೂ ಕಷ್ಟವಾಗಲಿಲ್ಲ.

ರೊಟ್ಟಿಯ ಹೊತ್ತಿಗೆ ನನ್ನ ಅಹಂಕಾರ ಮುಕ್ಕಾಲು ಇಳಿದಿತ್ತು, ಕಾಲು ಭಾಗ ಉಳಿದಿತ್ತು. ಶಾಲೆಯಲ್ಲಿ ಮಕ್ಕಳಿಗೆ ಸರಿ ತಪ್ಪು ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸುವುದು ರೂಢಿ. ಹಾಗೇ ಒಂದು ದುಂಡನೆಯ ರೊಟ್ಟಿ ಬರೆದೆ. ಪಕ್ಕದಲ್ಲಿ ಅಂಚು ಬಿರಿದ ಇನ್ನೊಂದು ರೊಟ್ಟಿ ಬರೆದು ಅದರ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಹೊಡೆದೆ. ತಂಗಿ ಎರಡನ್ನೂ ಮಾಡಿದಳು. ದುಂಡನೆಯದು ಸಾಧಾರಣವಾಗಿ ಬಂದಿತ್ತು. ಬಿರಿದದ್ದನ್ನು ಮಾತ್ರ ಬಹಳ ಶ್ರಮಪಟ್ಟು ಬಿರಿಯಿಸಿ, ಅದರ ಮೇಲೆ ಖಾರದ ಪುಡಿಯಿಂದ ಅಡ್ಡಗೆರೆ ಎಳೆದು, ಅದನ್ನೇ ನನ್ನ ತಾಟಿಗೆ ಬಡಿಸಿದಳು.

ಆ ರೊಟ್ಟಿ ತಿನ್ನುತ್ತ, ಕಣ್ಣು ಮೂಗಿನಿಂದ ನೀರು ಸುರಿಸುತ್ತ ನನಗೊಂದು ತಿಳಿವಳಿಕೆ ಬಂತು. ಚಿತ್ರದಲ್ಲಿ "ಬೇಡ" ಎಂದು ಬರೆಯಲು ಬರುವುದಿಲ್ಲ. ಬರೆದದ್ದೆಲ್ಲ ಅವಳ ಕಣ್ಣಿಗೆ ಮಾಡಬೇಕಾದದ್ದೇ. ಮೂವತ್ತು ವರ್ಷ ಅವ್ವ ಅವಳಿಗೆ ಹೇಳಿದ್ದೆಲ್ಲ "ಬ್ಯಾಡ"ಗಳು. ಅವಳು ಏನು ಮಾಡಬಹುದು ಎಂಬುದನ್ನು ನಾವ್ಯಾರೂ ಒಂದು ದಿನವೂ ತೋರಿಸಿರಲಿಲ್ಲ. ನನಗೆ ಅವತ್ತು ಬಹಳ ಕೆಟ್ಟದೆನಿಸಿತು. ಖಾರವೂ ಸೇರಿತ್ತೆನ್ನಿ.

ಅಲ್ಲಿಂದ ಮುಂದೆ ಹೆಂಡತಿ ಯಜಮಾನಿಕೆ ವಹಿಸಿಕೊಂಡಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಪೇಪರಿನಲ್ಲಿ ತೋಳು, ಕೊರಳು ಕತ್ತರಿಸಿಟ್ಟು ಹುಡುಗಿಯರಿಗೆ ಹೊಲಿಗೆ ಕಲಿಸುವವಳು. "ಆಕಿ ಎಲ್ಲಿ ನಿಂತು ನೋಡ್ತಾಳೋ ಅಲ್ಲಿಂದ ತೆಗೀರಿ. ಎದುರು ಮನಿಯವರು ನೋಡಿದಂಗ ತೆಗೀಬ್ಯಾಡ್ರಿ," ಎಂದಳು. "ಒಂದು ಚಿತ್ರದಾಗ ಒಂದೇ ಕೆಲಸ. ಒಲಿ ಬಿಟ್ಟು ಈಕಡಿ ಬರೋವಾಗೆಲ್ಲ ಗ್ಯಾಸ್ ಬಂದ್ ಆಗಿದ್ದು ತೋರ್ಸ್ರಿ." ನಾನು ಕೂಲಿಯವನಂತೆ ಹೇಳಿದ್ದನ್ನು ಬರೆದೆ. ತಂಗಿ ಎಡಗೈಯವಳು, ಎಲ್ಲ ಕೈಗಳನ್ನೂ ಎಡಗೈ ಮಾಡಿದೆ. ಉಪ್ಪಿನ ಸಮಸ್ಯೆಯನ್ನು ತಂಗಿಯೇ ಬಗೆಹರಿಸಿದಳು. ಚಮಚದ ಮೇಲೆ ಗೋಂದು ಸವರಿ ನಿಜವಾದ ಉಪ್ಪನ್ನೇ ಅಂಟಿಸಿದಳು. ನಮ್ಮ ಗುರುಗಳು ನೋಡಿದ್ದರೆ ಏನೆನ್ನುತ್ತಿದ್ದರೋ, ನನಗಂತೂ ಅದಕ್ಕಿಂತ ಒಳ್ಳೆಯ ಬಿಳಿ ಹೊಳೆಯಲಿಲ್ಲ.

ಚಿತ್ರಗಳನ್ನು ಒಂದು ಹಗ್ಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಾಲಾಗಿ ಸಿಕ್ಕಿಸಿ, ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ, ಇನ್ನೊಂದನ್ನು ಗೋಡೆಯ ಮೊಳೆಗೆ ಕಟ್ಟಿದೆವು. ತಂಗಿ ದಿನವೂ ಕಿಟಕಿ ತೆರೆಯುವಳು, ರೊಟ್ಟಿಯ ಚೂರೊಂದನ್ನು ಅಲ್ಲಿಡುವಳು, ಆಮೇಲೆ ಒಲೆ ಹಚ್ಚುವಳು. ಕಾಗೆಯೂ ಬರತೊಡಗಿತು. ಅದಕ್ಕೇನು, ರೊಟ್ಟಿ ಸಿಗುವ ಮನೆ. ಅವಳ ರೊಟ್ಟಿ ಮೊದಮೊದಲು ಭೂಪಟದಂತಿದ್ದದ್ದು ದಿನ ಕಳೆದಂತೆ ಚಂದ್ರನಂತಾಯಿತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊಗಳಲು ಮನಸ್ಸಿಲ್ಲ, ಬೈಯಲು ಕಾರಣವಿಲ್ಲ.

"ಇಲ್ಲಿ ಗ್ವಾಡಿ ತುಂಬಾ ಚಿತ್ರ ಅವ, ಮಾಡ್ತಾಳ," ಎಂದಳು ಒಂದು ದಿನ ನನಗೆ. "ಆಪಾನ ಮನ್ಯಾಗ ಚಿತ್ರ ಯಾರು ಕಟ್ಟಿರ್ತಾರ? ಚಿತ್ರ ಇಲ್ಲದಾಗ ಏನ್ ಮಾಡ್ತಾಳ?"

ನಾನು ಹಗ್ಗದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಗಿ ಮಾಡಿದೆ. ಅದೇ ಪ್ರಶ್ನೆ ನನ್ನನ್ನೂ ಕಾಡುತ್ತಿತ್ತು.

ಆಪಾ ಊಟಕ್ಕೆ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಬಿಸಿಲಿನ ದಿನ. ಪಡಸಾಲೆಯಲ್ಲಿ ಆಪಾ, ಹೆಂಡತಿ. ಅಡುಗೆಮನೆಯ ಬಾಗಿಲಲ್ಲಿ ನಾನು, ಅವ್ವ. ಅವ್ವ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು, ಮಾತು ಹೊರಬರದಿರಲಿ ಎಂದು. ತಂಗಿ ಕಿಟಕಿ ತೆರೆದಳು, ರೊಟ್ಟಿಯ ಚೂರಿಟ್ಟಳು, ಒಲೆ ಹಚ್ಚಿದಳು. ಬೇಳೆ ಆಯಿತು. ಬದನೆಕಾಯಿ ಹೆಚ್ಚಿ ಬಕೀಟಿನ ನೀರಿಗೆ ಹಾಕಿದಳು, ತೆಗೆದು ಒಗ್ಗರಣೆಗೆ ಹಾಕಿದಳು. ಎಲ್ಲವೂ ಚಿತ್ರದಲ್ಲಿದ್ದಂತೆಯೇ ನಡೆದಿತ್ತು. ನಾನು ಮೀಸೆ ತಿರುವುವಷ್ಟು ಧೈರ್ಯಕ್ಕೆ ಬಂದಿದ್ದೆ.

ಆಗ ತೆರೆದ ಕಿಟಕಿಯಿಂದ ಬಿಸಿಗಾಳಿ ಭರ್ರೆಂದು ನುಗ್ಗಿತು. ಹಗ್ಗ ಪಟದಂತೆ ಉಬ್ಬಿತು, ಮೊಳೆ ಕಿತ್ತು ಬಂತು, ನನ್ನ ಚಿತ್ರಗಳ ಸಾಲು ಪೂರ್ತಿಯಾಗಿ ಆ ಬಕೀಟಿಗೆ ಬಿತ್ತು. ನೀರು ನೆಲಕ್ಕೆ ಚೆಲ್ಲಿತು. ಜಲವರ್ಣ! ಬದನೆಕಾಯಿಯ ನೇರಳೆ, ಬೇಳೆಯ ಹಳದಿ, ಕಾಗೆಯ ಕಪ್ಪು ಎಲ್ಲವೂ ಕರಗಿ ಒಂದಾದವು. ನಾನು "ಅಯ್ಯೋ, ನನ್ನ ಚಿ..." ಎನ್ನುವಷ್ಟರಲ್ಲಿ ಒಂದು ಕೈ ನನ್ನ ಬಾಯನ್ನು ಗಟ್ಟಿಯಾಗಿ ಮುಚ್ಚಿತು. ಅವ್ವನ ಕೈ. ನಾನು ಬಿಡಿಸಿಕೊಳ್ಳಲು ನೋಡಿದರೆ ಇನ್ನೂ ಬಿಗಿಯಾಗಿ ಒತ್ತಿದಳು. ಷರತ್ತು ಮುರಿದು ಮಗಳು ಸೋಲುವುದು ಅವಳಿಗೆ ಬೇಕಿತ್ತಲ್ಲ? ಮತ್ತೆ ಯಾಕೆ ಮುಚ್ಚಿದಳು? ಇದನ್ನು ಮುಂದೆ ಎಷ್ಟು ಸಲ ಕೇಳಿದರೂ, "ನೀ ಒದರಿದ್ರ ಆಪಾ ಅಂಜ್ತಾಳಂತ ಮುಚ್ಚೀನಿ" ಎಂದೇ ಹೇಳುತ್ತ ಬಂದಿದ್ದಾಳೆ.

ತಂಗಿ ಬಕೀಟನ್ನು ನೋಡಿದಳು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತಂಗಿ ಗ್ಯಾಸ್ ಬಂದ್ ಮಾಡಿದಳು. ಬಟ್ಟೆ ತಂದು ಒದ್ದೆ ನೆಲವನ್ನು ಕಾಲು ಜಾರದಂತೆ ಒರೆಸಿದಳು. ಹಗ್ಗವನ್ನು ಸುತ್ತಿ ಮೂಲೆಗಿಟ್ಟಳು. ಗ್ಯಾಸ್ ಬಂದ್ ಮಾಡಿದ್ದೊಂದು ಬಿಟ್ಟರೆ ಇದ್ಯಾವುದೂ ನನ್ನ ಯಾವ ಚಿತ್ರದಲ್ಲೂ ಇರಲಿಲ್ಲ. ಮತ್ತೆ ಒಲೆ ಹಚ್ಚಿ, ಹಿಟ್ಟಿಗೆ ಬಿಸಿನೀರು ಹಾಕಿಕೊಂಡು ನಾದುತ್ತ, ನನ್ನ ಮುಖ ನೋಡಿ ಸಮಾಧಾನ ಹೇಳಿದಳು.

"ಹೋಗ್ಲಿ ಬಿಡಣ್ಣಾ. ನೋಡೀನಲ್ಲ."

ಒಮ್ಮೆ ನೋಡಿದ್ದನ್ನು ಎಂದೂ ಮರೆಯದವಳು. ಇಡೀ ಊರಿನ ಸೀರೆಗಳನ್ನು ನೆನಪಿಟ್ಟವಳಿಗೆ ನನ್ನ ನಾಲ್ಕು ಬದನೆಕಾಯಿ ಎಷ್ಟರದು? ಇದು ನಮಗೆ ಮೊದಲೇ ಹೊಳೆಯಬೇಕಿತ್ತು. ಬಡಿಯುವ ಸದ್ದು ಶುರುವಾಯಿತು. ಹಿಂದಿನ ಓಣಿಯಿಂದ ಬರುತ್ತಿದ್ದ ಸದ್ದು ನಮ್ಮ ಮನೆಯೊಳಗಿನಿಂದ ಬರುತ್ತಿತ್ತು.

ಆಪಾ ನೆಮ್ಮದಿಯಾಗಿ ಉಂಡರು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಅಂಚು ಮುರಿದು ನೋಡಿದರು, ಬೇಳೆ ಎರಡು ಸಲ ಹಾಕಿಸಿಕೊಂಡರು. ಕೈ ತೊಳೆಯುವಾಗ ಬಕೀಟಿನಲ್ಲಿದ್ದ ನನ್ನ ಕಲೆಯನ್ನು ಕಂಡು, "ಮಾಸ್ತರ್ ಸಾಬ್, ಬಣ್ಣ ಕೆಟ್ಟದ, ರುಚಿ ಕೆಟ್ಟಿಲ್ಲ," ಎಂದರು. ತಂಗಿಯ ಗಲ್ಲ ಮುಟ್ಟಿ, "ಕಲ್ ಸೇ ಆ ಬೇಟಿ. ನಾಳಿಂದ ಬಾ," ಎಂದು ಹೊರಟರು.

ಗೆದ್ದೆವು ಅಂದುಕೊಂಡೆವು. ಸಂಜೆಯಾಗುತ್ತಲೇ ಅವ್ವನ ತಕರಾರುಗಳು ಒಂದೊಂದಾಗಿ ಹೊರಬಂದವು. ಹಿಂದಿನ ಓಣಿಯಲ್ಲಿ ಟಂಟಂ ಆಟೋದವರು ಕಣ್ಣು ಮುಚ್ಚಿ ಓಡಿಸುತ್ತಾರೆ. ಅಲ್ಲಿಯ ಹೆಂಗಸರು ಏನಾದರೂ ಅಂದರೆ? ನೆತ್ತಿಗೆ ಬಿಸಿಲು ಹತ್ತಿದರೆ? ನಾನು ಒಂದೊಂದಕ್ಕೂ ವಾದ ಮಾಡಿ ಗಂಟಲು ಒಣಗಿಸಿಕೊಂಡೆ. ಹೆಂಡತಿ ವಾದ ಮಾಡಲಿಲ್ಲ. ಅವ್ವನ ಪಕ್ಕ ಕೂತು, "ಖರೆ ಹೇಳ್ರಿ ಅತ್ತಿ, ಏನಾಗ್ಯಾದ?" ಎಂದಳು.

ಅವ್ವ ಸೆರಗಿನ ತುದಿ ತಿರುವುತ್ತ ಹೇಳಿದಳು. "ಆಕಿ ಹುಟ್ಟಿದಾಗಿಂದ ನಾ ಆಕಿನ್ನ ನೋಡಕೋತ ಬಂದೀನಿ. ಆಕಿ ಹೋದ್ರ ನಾ ದಿನಾ ಎಲ್ಲಾ ಏನ್ ಮಾಡ್ಲಿ? ಬರೋತನಕ ಜೀವ ಹ್ಯಾಂಗ ಹಿಡಕೊಳ್ಲಿ?"

ತಂಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೇಳಿದ್ದರಲ್ಲಿ ಎಷ್ಟು ನಿಂತಿತೋ ಗೊತ್ತಿಲ್ಲ. ಅವ್ವನ ಮುಖವನ್ನಂತೂ ನೋಡಿದ್ದಳು.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ನನ್ನಿಂದ ಹಾಳೆ ಕೇಳಿ ಇಸಿದುಕೊಂಡಳು. ಜಲವರ್ಣ ಕೊಟ್ಟರೆ ತಲೆಯಾಡಿಸಿದಳು. "ನೀರಾಗ ಬಿದ್ರ ಹೋಗ್ತದ," ಎಂದು ಮಕ್ಕಳು ಬಳಸುವ ಮೇಣದ ಬಣ್ಣ ಆರಿಸಿಕೊಂಡಳು. ನಾನು ಕಲಿಸಿಕೊಡಲೇ ಎಂದು ಕೇಳಬೇಕೆಂದಿದ್ದವನು ಹೆಂಡತಿಯ ಕಣ್ಣು ನೋಡಿ ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ಅವ್ವನ ಮಂಚದ ಎದುರಿನ ಗೋಡೆಯ ಮೇಲೆ ಚಿತ್ರಗಳು ಸಾಲಾಗಿ ಅಂಟಿದ್ದವು.

ಮೊದಲನೆಯದರಲ್ಲಿ ತಂಗಿ ಊಟದ ಡಬ್ಬಿ ಹಿಡಿದು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಾಳೆ. ಎರಡನೆಯದರಲ್ಲಿ ಅವ್ವ ಹೊರಗಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದಾಳೆ; ಒಂದು ಗಲ್ಲ ಉಬ್ಬಿದೆ, ಬಾಯಿ ಮುಚ್ಚಿದೆ. ಆಮೇಲೆ ಅವ್ವ ತಂಗಿ ಮಾಡಿಟ್ಟು ಹೋದ ರೊಟ್ಟಿ ಉಣ್ಣುತ್ತಿದ್ದಾಳೆ. ಕೊನೆಯದರಲ್ಲಿ ಗೋಡೆಯ ಗಡಿಯಾರ, ಅದರ ಮುಳ್ಳುಗಳು ಸಂಜೆಗೆ ನಿಂತಿವೆ. ತಂಗಿ ಅದೇ ಬಾಗಿಲಿನಿಂದ ಒಳಗೆ ಬರುತ್ತಿದ್ದಾಳೆ, ಅವ್ವ ಹಲ್ಲೆಲ್ಲ ತೋರಿಸಿ ನಗುತ್ತಿದ್ದಾಳೆ. ಪ್ರತಿ ಚಿತ್ರದಲ್ಲೂ ಒಂದು ಕಿಟಕಿ, ಕಿಟಕಿಯಲ್ಲಿ ಕಾಗೆ. ಎಲ್ಲಿಯೂ ಒಂದು ಅಡ್ಡಗೆರೆಯಿಲ್ಲ.

ಅವ್ವ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಹತ್ತಿರದಿಂದ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

"ನನ್ನ ಮೂಗು ಇಷ್ಟು ದೊಡ್ಡದೇನ?" ಎಂದಳು ಕೊನೆಗೆ.

"ಹೌದು," ಎಂದಳು ತಂಗಿ.

ಸೋಮವಾರ ತಂಗಿ ಕೆಲಸಕ್ಕೆ ಹೋದಳು. ನನಗೆ ಶಾಲೆಯಲ್ಲಿ ಕಾಲು ನಿಲ್ಲಲಿಲ್ಲ. ಕೊನೆಯ ಪೀರಿಯಡ್ಡನ್ನು ನಾನೇ ಗಣಿತದ ಮಾಸ್ತರರ ಕೈಗೆ ಕೊಟ್ಟು, ಅವರ ಬೆರಗಿನ ಮುಖವನ್ನೂ ನೋಡದೆ, ಸಿಕ್ಕ ಬಸ್ಸು ಹತ್ತಿ ಶಹಾಪುರಕ್ಕೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಎಲೆ ಅಡಿಕೆಯಿಂದ ಒಂದು ಗಲ್ಲ ಉಬ್ಬಿತ್ತು. ನನ್ನನ್ನು ಕಂಡು ಮಾತಾಡಲಿಲ್ಲ, ಬಾಯಿ ಮುಚ್ಚಿಕೊಂಡೇ ಇದ್ದಳು. ರೊಟ್ಟಿ ಉಂಡ ತಾಟು ತೊಳೆದು ಬೋರಲು ಹಾಕಿತ್ತು.

ಸಂಜೆಯಾಗುತ್ತ ಬಂತು. ಅವ್ವ ಎದ್ದು ಒಳಗೆ ಹೋಗಿ ಗಡಿಯಾರ ನೋಡಿದಳು. ಗೋಡೆಯ ಕೊನೆಯ ಚಿತ್ರ ನೋಡಿದಳು. ಅಡುಗೆಮನೆಗೆ ಹೋಗಿ ಕಿಟಕಿ ತೆರೆದು, ರೊಟ್ಟಿಯ ಚೂರೊಂದನ್ನು ಅಲ್ಲಿಟ್ಟು, ಅದರ ಮುಂದೆಯೇ ನಿಂತುಬಿಟ್ಟಳು.

"ಯಾಕವ್ವಾ, ಇಲ್ಲಿ ನಿಂತಿ? ಬಾಗಿಲ ಕಡೆ ಬಾ, ಇನ್ನೇನು ಬರ್ತಾಳ," ಎಂದೆ.

ಅವ್ವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಸುಮ್ನಿರೋ," ಎಂದಳು. "ಚಿತ್ರದಾಗ ಕಾಗಿ ಅದ. ಅದು ಬರದ ಆಕಿ ಹ್ಯಾಂಗ ಬರ್ತಾಳ?"